ಹೆಸರು ಹಿಡಿದು ಕರೆದರೆ ಓಗೊಡುವ ಇಂಜಿನ್

ಕುಂಬಳೆಯ ನಮ್ಮ ಮನೆಯಿಂದ ರೈಲು ಹಳಿ ಕಾಣುವುದಿಲ್ಲ. ನಡುವೆ ತೆಂಗಿನ ತೋಟ, ಆಮೇಲೆ ಒಂದು ಗುಡ್ಡೆ. ಆದರೆ ಸದ್ದು ಕೇಳುತ್ತದೆ. ಚಿಕ್ಕಂದಿನಲ್ಲಿ ರಾತ್ರಿ ಮಲಗಿದಾಗ ಡೀಸೆಲ್ ಇಂಜಿನ್ನಿನ ಆ ಕುಂಟು ಲಯ ಗುಡ್ಡೆ ದಾಟಿ ಬರುತ್ತಿತ್ತು. ಧಗ್ ಧಗಧಗ್, ಧಗ್ ಧಗಧಗ್. ನಡುನಡುವೆ ಒಂದು ಪೆಟ್ಟು ತಪ್ಪಿದ ಹಾಗೆ. ಈಗ ಮಂಗಳೂರು–ಶೊರನೂರು ದಾರಿಗೆ ಕರೆಂಟು ಬಂದು ವರ್ಷಗಳಾದವು. ಮಲಬಾರ್ ಎಕ್ಸ್‌ಪ್ರೆಸ್ಸು ಸುಂಯ್ ಅಂತ ಹೋಗಿಬಿಡುತ್ತದೆ. ಆ ಹಳೆಯ ಸದ್ದನ್ನು ನಮ್ಮ ಉಪ್ಪರಿಗೆಯ ಮೇಜಿನ ಮೇಲೆ, ಒಂದು ಗೇಣು ಉದ್ದದ ಮಾದರಿ ಇಂಜಿನ್ನಿನ ಹೊಟ್ಟೆಯೊಳಗೆ ಕೂರಿಸಬೇಕು ಎಂಬ ಹಠದಿಂದ ನಾನು ಡಿಸಿಸಿ ಕಲಿತದ್ದು.

ಡಿಸಿಸಿ ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಮಾದರಿ ರೈಲುಗಳನ್ನು ನಡೆಸುವ ಒಂದು ಪದ್ಧತಿ. ಹೆಸರು ಕೇಳಿ ಹೆದರಬೇಡಿ. ಬದಿಯಡ್ಕದ ನಮ್ಮ ಭಾವನಿಗೆ ಅಡಿಕೆ ತೋಟ ಬಿಟ್ಟರೆ ಬೇರೆ ಲೋಕ ಇಲ್ಲ. ಅವನು ಒಮ್ಮೆ ಉಪ್ಪರಿಗೆಗೆ ಬಂದು ಸುಮಾರು ಹೊತ್ತು ನೋಡಿ ಕೇಳಿದ: "ಹಳಿ ಒಂದೇ, ಕರೆಂಟು ಒಂದೇ. ಒಂದು ಇಂಜಿನ್ ಹೋಗ್ತದೆ, ಇನ್ನೊಂದು ಅಲ್ಲೇ ನಿಂತು ಗುರುಗುಟ್ತದೆ. ಅದು ಹೇಗೆ ಮಾರಾಯಾ?" ಇಡೀ ವಿಷಯ ಆ ಒಂದು ಪ್ರಶ್ನೆಯಲ್ಲೇ ಇದೆ.

ಮೊದಲು ಹಳೆಯ ಪದ್ಧತಿ ನೋಡೋಣ. ಪೆಟ್ಟಿಗೆಯಲ್ಲಿ ಬರುವ ಸಾಮಾನ್ಯ ರೈಲು ಸೆಟ್ಟಿನಲ್ಲಿ ಒಂದು ತಿರುಪು ಇರುತ್ತದೆ. ಅದನ್ನು ತಿರುಗಿಸಿದರೆ ಹಳಿಗೆ 0ಯಿಂದ 12 ವೋಲ್ಟ್‌ವರೆಗೆ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು ಹೋಗುತ್ತದೆ. ಎರಡು ಹಳಿಗಳಲ್ಲಿ ಒಂದು ಪ್ಲಸ್, ಇನ್ನೊಂದು ಮೈನಸ್. ಚಕ್ರದ ಮೂಲಕ ಕರೆಂಟು ನೇರ ಮೋಟಾರಿಗೆ. ವೋಲ್ಟ್ ಜಾಸ್ತಿಯಾದರೆ ವೇಗ ಜಾಸ್ತಿ. ಪ್ಲಸ್ ಮೈನಸ್ ಅದಲು ಬದಲಾದರೆ ಇಂಜಿನ್ ಹಿಂದಕ್ಕೆ. ಭಾವನ ಭಾಷೆಯಲ್ಲಿ ಹೇಳುವುದಾದರೆ ಇದು ಒಂದೇ ಗೇಟ್ ವಾಲ್ವ್ ಇರುವ ತೋಟ. ವಾಲ್ವ್ ತೆರೆದರೆ ಎಲ್ಲ ಸ್ಪ್ರಿಂಕ್ಲರ್ ಒಟ್ಟಿಗೆ ತಿರುಗುತ್ತವೆ, ಮುಚ್ಚಿದರೆ ಎಲ್ಲವೂ ನಿಲ್ಲುತ್ತವೆ. ಒಂದನ್ನು ಮಾತ್ರ ನಿಲ್ಲಿಸಬೇಕಾದರೆ ಪೈಪು ತುಂಡು ಮಾಡಿ ನಡುವೆ ಇನ್ನೊಂದು ವಾಲ್ವ್ ಹಾಕಬೇಕು. ಹಳೆಯ ಕಾಲದ ರೈಲು ಹವ್ಯಾಸಿಗಳು ಮಾಡಿದ್ದು ಅದನ್ನೇ. ಹಳಿಯನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಸ್ವಿಚ್ಚು. ಮೇಜಿನ ಅಡಿಯಲ್ಲಿ ವಯರುಗಳ ಬಳ್ಳಿ ಕಾಡು.

ಡಿಸಿಸಿಯಲ್ಲಿ ಪೈಪಿನಲ್ಲಿ ಯಾವಾಗಲೂ ಪೂರ್ತಿ ಒತ್ತಡ. ಹಳಿಯಲ್ಲಿ ಸದಾ 14–15 ವೋಲ್ಟ್ ಇರುತ್ತದೆ. ಆದರೆ ಪ್ರತಿ ಸ್ಪ್ರಿಂಕ್ಲರಿನ ಬುಡದಲ್ಲಿ ಒಬ್ಬೊಬ್ಬ ಹುಡುಗ ಕೂತಿದ್ದಾನೆ ಎಂದುಕೊಳ್ಳಿ. ಮನೆಯ ಜಗಲಿಯಿಂದ ನೀವು ಕೂಗುತ್ತೀರಿ: "ಮೂರನೆಯವನೇ, ಅರ್ಧ ತೆರೆ!" ಎಲ್ಲರಿಗೂ ಕೇಳುತ್ತದೆ. ಮೂರನೆಯವನು ಮಾತ್ರ ಏಳುತ್ತಾನೆ. ಆ ಹುಡುಗನೇ ಡಿಕೋಡರ್. ಉಗುರಿಗಿಂತ ಸ್ವಲ್ಪ ದೊಡ್ಡ ಸರ್ಕ್ಯೂಟು, ಇಂಜಿನ್ನಿನ ಒಳಗೆ, ಹಳಿಗೂ ಮೋಟಾರಿಗೂ ನಡುವೆ ಕೂರುತ್ತದೆ. ಕೂಗುವ ಯಂತ್ರಕ್ಕೆ ಕಮಾಂಡ್ ಸ್ಟೇಷನ್ ಎಂದು ಹೆಸರು.

ಕರೆಂಟಿನಲ್ಲಿ ಮಾತು ಸೇರುವುದು ಹೇಗೆ

ಹಳಿಯಲ್ಲಿ ಬೇರೆ ಸಿಗ್ನಲ್ ವಯರ್ ಇಲ್ಲ. ಕರೆಂಟೇ ಮಾತು. ಕಮಾಂಡ್ ಸ್ಟೇಷನ್ನು ಎರಡು ಹಳಿಗಳ ಪ್ಲಸ್ ಮೈನಸ್ಸನ್ನು ಸೆಕೆಂಡಿಗೆ ಸಾವಿರಾರು ಸಲ ಅದಲು ಬದಲು ಮಾಡುತ್ತಾ ಇರುತ್ತದೆ. ಗುಟ್ಟು ಇರುವುದು ಎರಡು ಬದಲಾವಣೆಗಳ ನಡುವಿನ ಸಮಯದಲ್ಲಿ. 58 ಮೈಕ್ರೋಸೆಕೆಂಡಿಗೊಮ್ಮೆ ತಿರುಗಿದರೆ ಅದು '1'. 100 ಮೈಕ್ರೋಸೆಕೆಂಡು ಅಥವಾ ಅದಕ್ಕಿಂತ ನಿಧಾನವಾಗಿ ತಿರುಗಿದರೆ ಅದು '0'. ಚೆಂಡೆಯವನ ಪೆಟ್ಟು ಒಂದೇ ಜೋರಿನದಾದರೂ ನಡುವಿನ ಬಿಡುವಿನಿಂದಲೇ ನಮಗೆ ತಾಳ ಗೊತ್ತಾಗುವುದಿಲ್ಲವೇ, ಹಾಗೆ.

ಒಂದು ಪೂರ್ತಿ ಆಜ್ಞೆ ಹೀಗಿರುತ್ತದೆ. ಮೊದಲು ಕಡಿಮೆಯೆಂದರೆ ಹದಿನಾಲ್ಕು '1'ಗಳ ಸಾಲು. ಅದು "ಕೇಳಿ, ಕೇಳಿ" ಎಂದ ಹಾಗೆ. ಆಮೇಲೆ ಯಾರಿಗೆ ಎಂಬ ನಂಬರು. ಆಮೇಲೆ ಏನು ಮಾಡಬೇಕು ಎಂಬುದು. ಕೊನೆಗೆ ಒಂದು ತಾಳೆ ಲೆಕ್ಕ. ಉದಾಹರಣೆಗೆ, ನಂಬರು 00000011, ಅಂದರೆ 3. ಆಜ್ಞೆ 01110100, ಅಂದರೆ ಮುಂದಕ್ಕೆ ಹೋಗು, ಇಷ್ಟು ವೇಗ. ಎರಡನ್ನೂ ಒಂದರ ಕೆಳಗೆ ಒಂದು ಬರೆದು, ಅಂಕಿ ಒಂದೇ ಆಗಿದ್ದಲ್ಲಿ 0, ಬೇರೆಯಾಗಿದ್ದಲ್ಲಿ 1 ಹಾಕಿದರೆ 01110111 ಬರುತ್ತದೆ. ಅದೇ ತಾಳೆ. ಡಿಕೋಡರ್ ಕೂಡ ತನ್ನಷ್ಟಕ್ಕೆ ಈ ಲೆಕ್ಕ ಮಾಡಿ ನೋಡುತ್ತದೆ. ಕೂಡಿಬರದಿದ್ದರೆ ಆ ಆಜ್ಞೆಯನ್ನು ಸುಮ್ನೆ ಬಿಟ್ಟುಬಿಡುತ್ತದೆ. ಬಿಟ್ಟರೂ ನಷ್ಟ ಇಲ್ಲ. ಒಂದು ಆಜ್ಞೆಗೆ ಹಿಡಿಯುವುದು 6–7 ಮಿಲಿಸೆಕೆಂಡು ಅಷ್ಟೇ, ಮತ್ತು ಸ್ಟೇಷನ್ನು ಅದನ್ನೇ ಮತ್ತೆ ಮತ್ತೆ ಕೂಗುತ್ತಲೇ ಇರುತ್ತದೆ.

ಈ ಪದ್ಧತಿಯ ಬುನಾದಿ ಹಾಕಿದ್ದು ಜರ್ಮನಿಯ ಲೆಂಜ್ ಕಂಪನಿ, 1980ರ ದಶಕದ ಕೊನೆಗೆ. 1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಅದನ್ನು ಎಲ್ಲರಿಗೂ ತೆರೆದ ಮಾನದಂಡ ಮಾಡಿತು. ಹಾಗಾಗಿ ಒಂದು ಕಂಪನಿಯ ಕಮಾಂಡ್ ಸ್ಟೇಷನ್ನು ಕೂಗಿದ್ದು ಇನ್ನೊಂದು ಕಂಪನಿಯ ಡಿಕೋಡರಿಗೆ ಅರ್ಥವಾಗುತ್ತದೆ. ಇದು ನಮ್ಮಂಥವರಿಗೆ ದೊಡ್ಡ ಉಪಕಾರ. ವಿದೇಶದಿಂದ ತರಿಸುವಾಗ ಯಾವುದು ಸಿಗುತ್ತದೋ ಅದನ್ನು ತರಿಸುವವರು ನಾವು.

ಹಳಿಯ ಪ್ಲಸ್ ಮೈನಸ್ ಹೀಗೆ ತಿರುಗುತ್ತಲೇ ಇರುವುದರಿಂದ ಮುಂದೆ ಹಿಂದೆ ಎನ್ನುವುದು ಹಳಿಯ ಕೈಯಲ್ಲಿ ಉಳಿಯುವುದಿಲ್ಲ. ಡಿಕೋಡರ್ ಬಂದ ಕರೆಂಟನ್ನು ಮೊದಲು ನೇರ ಮಾಡಿಕೊಳ್ಳುತ್ತದೆ. ಆಮೇಲೆ ಮೋಟಾರಿಗೆ ಯಾವ ಕಡೆಯಿಂದ ಕೊಡಬೇಕು ಎಂದು ತಾನೇ ತೀರ್ಮಾನಿಸುತ್ತದೆ. ಇಂಜಿನ್ನನ್ನು ಎತ್ತಿ ತಿರುಗಿಸಿ ಇಟ್ಟರೂ 'ಮುಂದೆ' ಅಂದರೆ ಅದರ ಮೂಗು ಇರುವ ದಿಕ್ಕು.

ವೇಗ ಕಡಿಮೆ ಮಾಡುವಾಗ ಡಿಕೋಡರ್ ವೋಲ್ಟ್ ಇಳಿಸುವುದಿಲ್ಲ. ಪೂರ್ತಿ ವೋಲ್ಟನ್ನೇ ಸೆಕೆಂಡಿಗೆ ಸಾವಿರಾರು ಸಲ ಕೊಟ್ಟು ನಿಲ್ಲಿಸಿ, ಕೊಟ್ಟು ನಿಲ್ಲಿಸಿ ಮಾಡುತ್ತದೆ. ನಿಲ್ಲಿಸಿದ ಆ ಕ್ಷಣದಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ತಿರುಗುತ್ತಿರುವ ಮೋಟಾರು ಆಗ ಡೈನಮೋ ಆಗಿ ಸ್ವಲ್ಪ ವೋಲ್ಟ್ ಹುಟ್ಟಿಸುತ್ತದೆ. ಅದಕ್ಕೆ ಬ್ಯಾಕ್ ಇಎಂಎಫ್ ಎನ್ನುತ್ತಾರೆ. ಅದನ್ನು ಅಳೆದರೆ ಮೋಟಾರು ನಿಜಕ್ಕೂ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಡಿಕೋಡರಿಗೆ ತಿಳಿಯುತ್ತದೆ. ಏರು ಬಂದು ವೇಗ ಕುಗ್ಗಿದರೆ ತಾನೇ ಸ್ವಲ್ಪ ಜಾಸ್ತಿ ಕೊಡುತ್ತದೆ. ಇಂಜಿನ್ನು ಆಮೆಯ ಹಾಗೆ ತೆವಳುತ್ತಾ ಬೋಗಿಗೆ ಮುತ್ತಿಟ್ಟು ಕೊಂಡಿ ಹಾಕುವುದು ಇದರಿಂದಲೇ. ಮುಂದೆ ಸದ್ದಿನ ವಿಷಯ ಬಂದಾಗ ಈ ಅಳತೆ ಮತ್ತೊಮ್ಮೆ ಉಪಯೋಗಕ್ಕೆ ಬರುತ್ತದೆ.

ಹೊಗೆ ಬಾರದ ಹಾಗೆ ಜೋಡಿಸುವುದು

ಈಚಿನ ಮಾದರಿಗಳಲ್ಲಿ ಡಿಕೋಡರಿಗೆಂದೇ ಸಾಕೆಟ್ ಇರುತ್ತದೆ. 8 ಪಿನ್, 21 ಪಿನ್, ನೆಕ್ಸ್ಟ್18, ಪ್ಲಕ್ಸ್22 ಹೀಗೆ. ಮೇಲಿನ ಚಿಪ್ಪು ಬಿಚ್ಚಿ, ಅಲ್ಲಿರುವ ಖಾಲಿ ಪ್ಲಗ್ ಕಿತ್ತು, ಡಿಕೋಡರ್ ಚುಚ್ಚಿದರೆ ಮುಗಿಯಿತು. ಇದರ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಒಂದನೇ ಪಿನ್ ಯಾವುದು ಎಂದು ನೋಡಿ ಚುಚ್ಚಿ, ಅಷ್ಟೇ.

ಕಷ್ಟ ಇರುವುದು ಹಳೆಯ ಇಂಜಿನ್ನುಗಳಲ್ಲಿ. ನನ್ನದು ಅಂಥದ್ದು. ಅಮೆರಿಕದ ಮಾದರಿಯೊಂದರ ಹಳೆಯ ಚಾಸಿ ತೆಗೆದುಕೊಂಡು ಮೇಲೆ ನಮ್ಮ ರೈಲ್ವೆಯ ಹಳೆಯ ಡೀಸೆಲ್ ಇಂಜಿನ್ ಡಬ್ಲ್ಯುಡಿಎಂ-2ರ ಕೈಯಾರೆ ಮಾಡಿದ ಚಿಪ್ಪು ಕೂರಿಸಿದ್ದು. ಅಳತೆ ಎಚ್‌ಒ, ಅಂದರೆ 1:87. (ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಲೆಕ್ಕದ ಪ್ರಕಾರ ಹಳಿಯ ಅಗಲ 19 ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ ಬೇಕು. ಎಚ್‌ಒ ಹಳಿ ಇರುವುದು 16.5. ನಮ್ಮ ಇಂಜಿನ್ನು ಇಕ್ಕಟ್ಟಾದ ಚಪ್ಪಲಿ ಹಾಕಿದ ಹಾಗೆ ಕಾಣುತ್ತದೆ. ಕಣ್ಣು ಹೊಂದಿಕೊಳ್ಳುತ್ತದೆ ಬಿಡಿ.)

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಹಳೆಯ ಚಾಸಿಗಳಲ್ಲಿ ಮೋಟಾರಿನ ಒಂದು ಬ್ರಷ್ಷು (ಮೋಟಾರಿಗೆ ಕರೆಂಟು ಮುಟ್ಟಿಸುವ ತುಂಡು) ಲೋಹದ ಚೌಕಟ್ಟಿಗೇ ತಾಗಿಕೊಂಡಿರುತ್ತದೆ. ಚೌಕಟ್ಟು ಚಕ್ರಕ್ಕೆ, ಚಕ್ರ ಹಳಿಗೆ. ಡಿಸಿಯಲ್ಲಿ ಅದು ಸರಿ, ವಯರ್ ಉಳಿತಾಯ. ಡಿಕೋಡರಿಗೆ ಅದು ಸಾವು. ಹಳಿಯ 15 ವೋಲ್ಟ್ ನೇರವಾಗಿ ಡಿಕೋಡರಿನ ಮೋಟಾರು ಬಾಯಿಗೆ ನುಗ್ಗುತ್ತದೆ. ನಾನು ಬಣ್ಣ ನೋಡಿ ವಯರ್ ಜೋಡಿಸಿ, ಖುಷಿಯಲ್ಲಿ ಹಳಿ ಮೇಲಿಟ್ಟೆ. ಒಂದು ಎಳೆ ಹೊಗೆ. ಕರ್ಪೂರದಂಥ ಹೊಗೆಯಲ್ಲ, ಬ್ಯಾಕಲೈಟ್ ಸುಟ್ಟ ನಾತ. ತಿಂಗಳುಗಟ್ಟಲೆ ಕಾದು ತರಿಸಿದ ಡಿಕೋಡರ್ ಒಂದು ಸೆಕೆಂಡಿನಲ್ಲಿ ಹೋಯಿತು.

ಆದ್ದರಿಂದ ಮೊದಲ ಕೆಲಸ ಸೋಲ್ಡರಿಂಗ್ ಅಲ್ಲ, ಮಲ್ಟಿಮೀಟರ್. ಮೋಟಾರಿನ ಎರಡೂ ಬ್ರಷ್ಷುಗಳನ್ನು ಒಂದೊಂದಾಗಿ ಪ್ರತಿ ಚಕ್ರದ ಜೊತೆ, ಚೌಕಟ್ಟಿನ ಜೊತೆ ಮುಟ್ಟಿಸಿ ನೋಡಿ. ಬೀಪ್ ಎನ್ನಲೇಬಾರದು. ಎಂದರೆ ಆ ಬ್ರಷ್ಷಿನ ಕ್ಲಿಪ್ಪು ಬಿಡಿಸಿ, ನಡುವೆ ಕರೆಂಟು ಹಾಯದ ಕ್ಯಾಪ್ಟಾನ್ ಟೇಪು ಹಾಕಿ, ಮೋಟಾರನ್ನು ಪೂರ್ತಿ ಪ್ರತ್ಯೇಕ ಮಾಡಬೇಕು. ಡಿಸಿಸಿ ಜೋಡಣೆಯ ಮುಕ್ಕಾಲು ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

ಎರಡನೆಯ ಪರೀಕ್ಷೆ ಮೋಟಾರಿನ ಹಸಿವೆಷ್ಟು ಎಂಬುದು. ಇನ್ನೂ ಡಿಕೋಡರ್ ಹಾಕದ ಇಂಜಿನ್ನಿಗೆ 12 ವೋಲ್ಟ್ ಡಿಸಿ ಕೊಟ್ಟು, ಚಕ್ರ ತಿರುಗದ ಹಾಗೆ ಒಂದು ಕ್ಷಣ ಒತ್ತಿಹಿಡಿದು, ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ನೋಡಿ. ಒಂದೇ ಕ್ಷಣ, ಜಾಸ್ತಿ ಹೊತ್ತು ಹಿಡಿದರೆ ಮೋಟಾರೇ ಸುಡುತ್ತದೆ. ಎಚ್‌ಒ ಡಿಕೋಡರುಗಳು ಸಾಮಾನ್ಯವಾಗಿ 1 ಆಂಪಿಯರ್ ಸುಮಾರಿಗೆ ತಡೆಯುತ್ತವೆ. ಮೋಟಾರು ಅದಕ್ಕಿಂತ ಜಾಸ್ತಿ ಎಳೆದರೆ ಮೋಟಾರು ಬದಲಿಸಿ, ಇಲ್ಲವೇ ದೊಡ್ಡ ಡಿಕೋಡರ್ ನೋಡಿ.

ಆಮೇಲೆ ವಯರು. ಬಣ್ಣಗಳು ಎಲ್ಲ ಕಡೆ ಒಂದೇ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ. ನೀಲಿ ಎಲ್ಲ ದೀಪಗಳಿಗೂ ಸಾಮಾನ್ಯ ಪ್ಲಸ್. ಇಂಜಿನ್ನು ಹಿಂದೆ ಮುಂದೆ ಉಲ್ಟಾ ಓಡಿದರೆ ಕಿತ್ತಳೆ, ಬೂದು ಅದಲು ಬದಲಾಗಿದೆ ಎಂದರ್ಥ. ಎಲ್‌ಇಡಿ ಹಾಕುವುದಾದರೆ ಒಂದೊಂದಕ್ಕೂ 1000 ಓಮ್ ರೆಸಿಸ್ಟರ್ ಮರೆಯಬೇಡಿ.

ಸದ್ದು: ತುಣುಕುಗಳ ಹೊಲಿಗೆ

ಸೌಂಡ್ ಡಿಕೋಡರ್ ಎಂದರೆ ಒಂದು ಉದ್ದನೆಯ ರೆಕಾರ್ಡಿಂಗನ್ನು ಹಚ್ಚಿಬಿಡುವುದು ಎಂದು ನಾನು ಮೊದಲು ತಿಳಿದಿದ್ದೆ. ಹಾಗಲ್ಲ. ಒಳಗಿರುವುದು ನೂರಾರು ಚಿಕ್ಕ ತುಣುಕುಗಳು. ಇಂಜಿನ್ ಚಾಲೂ ಆಗುವ ಸದ್ದು ಒಂದು, ನಿಂತಲ್ಲೇ ಗುರುಗುಟ್ಟುವುದು ಒಂದು. ಡಬ್ಲ್ಯುಡಿಎಂ-2ರಲ್ಲಿ ಡ್ರೈವರನ ಹಿಡಿಕೆಗೆ 8 ನಾಚ್‌ಗಳು, ಅಂದರೆ ಮೆಟ್ಟಿಲುಗಳು. ಪ್ರತಿ ನಾಚ್‌ಗೆ ಬೇರೆ ಸದ್ದು, ಒಂದರಿಂದ ಮುಂದಿನದಕ್ಕೆ ಏರುವುದಕ್ಕೆ ಬೇರೆ, ಇಳಿಯುವುದಕ್ಕೆ ಬೇರೆ. ಹಾರ್ನು ಕೂಡ ಮೂರು ತುಂಡು: ಶುರು, ನಡು, ಕೊನೆ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ನಡುವಿನ ತುಂಡು ಸುತ್ತು ಹೊಡೆಯುತ್ತಲೇ ಇರುತ್ತದೆ. ಬಿಟ್ಟಾಗ ಕೊನೆಯದು. ಲೆವೆಲ್ ಕ್ರಾಸಿಂಗ್ ಹತ್ತಿರ ಬಂದಾಗ ಉದ್ದಕ್ಕೆ ಬಾರಿಸುವ ಹಾರ್ನು ನಿಮ್ಮ ಬೆರಳಿನ ಅಳತೆಯಲ್ಲಿ ಬರುವುದು ಹೀಗೆ.

ಯಾವ ಜಾತಿಯ ಇಂಜಿನ್ನು ಎಂಬುದರ ಮೇಲೆ ಈ ಹೊಲಿಗೆಯ ಲೆಕ್ಕ ಬದಲಾಗುತ್ತದೆ. ಉಗಿ ಇಂಜಿನ್ನಿನ ಉಸಿರು ಚಕ್ರಕ್ಕೆ ಕಟ್ಟಿದ್ದು. ಸಾಮಾನ್ಯ ಎರಡು ಸಿಲಿಂಡರಿನದಾದರೆ ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಸಲ ಛುಕ್ ಎನ್ನಬೇಕು. ಒಂದು ಹೆಚ್ಚು ಕಮ್ಮಿಯಾದರೂ ಕಣ್ಣಿಗೆ ಕಿವಿಗೆ ಜಗಳ. ಮೊದಲು ಹೇಳಿದ ಬ್ಯಾಕ್ ಇಎಂಎಫ್ ಅಳತೆ ಇಲ್ಲಿ ನೆರವಾಗುತ್ತದೆ. ಡೀಸೆಲ್ಲಿನದು ಹಾಗಲ್ಲ. ಅಲ್ಲಿ ಡೀಸೆಲ್ ಯಂತ್ರ ತಿರುಗಿಸುವುದು ಜನರೇಟರನ್ನು, ಚಕ್ರ ತಿರುಗಿಸುವುದು ಕರೆಂಟು ಮೋಟಾರು. ಆದ್ದರಿಂದ ಸದ್ದು ಜೋರಾಗಿ ಏರಿದ ಮೇಲೆ ರೈಲು ನಿಧಾನಕ್ಕೆ ಕದಲುತ್ತದೆ. ಇಳಿಜಾರಿನಲ್ಲಿ ರೈಲು ಓಡುತ್ತಲೇ ಇದ್ದರೂ ಇಂಜಿನ್ ಸುಮ್ಮನೆ ಗುರುಗುಡುತ್ತದೆ. ವೇಗ ಮತ್ತು ಸದ್ದಿನ ನಡುವಿನ ಈ ಬಿರುಕೇ ಡೀಸೆಲ್ಲಿನ ಜೀವ. ಮಾದರಿಯಲ್ಲಿ ಎರಡನ್ನೂ ಒಟ್ಟಿಗೆ ಏರಿಸಿ ಇಳಿಸಿದರೆ ಅದು ಮಿಕ್ಸಿಯ ಹಾಗೆ ಕೇಳುತ್ತದೆ.

ಈಗ ನನ್ನ ಹಳೆಯ ಕುಂಟು ಲಯ. ಡಬ್ಲ್ಯುಡಿಎಂ-2ರ ಸದ್ದು ಎಲ್ಲಿಂದ ತರುವುದು? ಉತ್ತರ ಇಂಜಿನ್ನಿನ ಜಾತಕದಲ್ಲಿದೆ. 1962ರಲ್ಲಿ ಇದು ಬಂದದ್ದು ಅಮೆರಿಕದ ಆಲ್ಕೋ ಕಂಪನಿಯಿಂದ. 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ಇಲ್ಲೇ ಕಟ್ಟತೊಡಗಿದರು. ಒಳಗಿರುವುದು ಆಲ್ಕೋದ 251 ಸಾಲಿನ ಯಂತ್ರ, 16 ಸಿಲಿಂಡರ್, 2600 ಅಶ್ವಶಕ್ತಿ, ಫೋರ್ ಸ್ಟ್ರೋಕ್, ಟರ್ಬೊ. ಅದೇ 251 ಅಮೆರಿಕದಲ್ಲಿ ಆಲ್ಕೋದ ಸೆಂಚುರಿ ಸಾಲಿನ ಇಂಜಿನ್ನುಗಳಲ್ಲೂ ಇತ್ತು. ಅವುಗಳ ಸದ್ದು ವಿದೇಶಿ ಡಿಕೋಡರುಗಳಲ್ಲಿ ಸಿಗುತ್ತದೆ. ಆಲ್ಕೋ 251ರ 16 ಸಿಲಿಂಡರ್ ಸದ್ದು ಇರುವ ಡಿಕೋಡರ್ ತರಿಸಿ ಹಚ್ಚಿದೆ. ಮೊದಲ ಸಲ ಗುರುಗುಟ್ಟಿದಾಗ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಧಗ್ ಧಗಧಗ್. ಅದೇ.

ಹಾರ್ನು ಮಾತ್ರ ಅಮೆರಿಕದ್ದು. ನಾಲ್ಕೈದು ಸ್ವರ ಒಟ್ಟಿಗೆ ಬರುವ ಹಾರ್ನು ಕುಂಬಳೆಗೆ ಒಗ್ಗುವುದಿಲ್ಲ. ಇಎಸ್‌ಯು ಕಂಪನಿಯ ಲೋಕ್‌ಸೌಂಡ್ ಡಿಕೋಡರುಗಳಲ್ಲಿ, ಅವರದೇ ಲೋಕ್‌ಪ್ರೋಗ್ರಾಮರ್ ಎಂಬ ಸಾಧನ ಇದ್ದರೆ ಒಂದೊಂದೇ ತುಣುಕನ್ನು ಬದಲಿಸಬಹುದು. ನಮ್ಮ ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದ ಹಾರ್ನು ಈಗ ಅದರಲ್ಲಿದೆ. ಹಿನ್ನೆಲೆಯಲ್ಲಿ ಒಂದು ಕಾಗೆ ಇತ್ತು. ಅದನ್ನು ಕತ್ತರಿಸಲು ಒಂದು ಸಂಜೆ ಹೋಯಿತು.

ಸ್ಪೀಕರಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಬೆರಳ ತುದಿಯಷ್ಟು ಸ್ಪೀಕರ್ ಕೈಯಲ್ಲಿ ಹಿಡಿದು ನುಡಿಸಿದರೆ ಸೊಳ್ಳೆಯ ಹಾಗೆ ಕೇಳುತ್ತದೆ. ಪರದೆ ಮುಂದೆ ಗಾಳಿ ತಳ್ಳುವಾಗ ಹಿಂದೆ ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಬದಿಯಿಂದ ಬಂದು ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂಭಾಗಕ್ಕೆ ಗಾಳಿ ನುಸುಳದ ಹಾಗೆ ಪುಟ್ಟ ಡಬ್ಬಿ ಕಟ್ಟಿದರೆ ಅದೇ ಸ್ಪೀಕರಿಗೆ ಎದೆ ಬರುತ್ತದೆ. ಡಬ್ಬಿ ಎಷ್ಟು ದೊಡ್ಡದಾದರೆ ತಗ್ಗು ಸ್ವರ ಅಷ್ಟು ಚೆನ್ನ. ನಾನು ಇಂಧನ ಟ್ಯಾಂಕಿನ ಜಾಗದಲ್ಲಿದ್ದ ಲೋಹದ ಭಾರ ತೆಗೆದು ಅಲ್ಲಿ ಕೂರಿಸಿದೆ. ಓಮ್ ಲೆಕ್ಕ ಮಾತ್ರ ಡಿಕೋಡರಿನ ಕಾಗದದಲ್ಲಿ ಹೇಳಿದಷ್ಟೇ ಇರಲಿ. ಈಗಿನವು ಹೆಚ್ಚಾಗಿ 4 ಅಥವಾ 8.

ಹದ ಮಾಡುವುದು

ಡಿಕೋಡರಿನ ನೆನಪಿನಲ್ಲಿ ಸಿವಿ ಎಂಬ ನಂಬರಿನ ಗೂಡುಗಳಿವೆ. ಸಿವಿ 1 ವಿಳಾಸ, ಅಂದರೆ ಕರೆಯುವ ಆ ನಂಬರು. ಹೊಸದರಲ್ಲಿ ಎಲ್ಲದಕ್ಕೂ 3. ಬದಲಿಸದಿದ್ದರೆ ಎರಡು ಇಂಜಿನ್ನು ಒಂದೇ ಕರೆಗೆ ಓಗೊಡುತ್ತವೆ. ಸಿವಿ 3 ವೇಗ ಏರಲು ಹಿಡಿಯುವ ಸಮಯ, ಸಿವಿ 4 ಇಳಿಯಲು. ಸಿವಿ 5 ಗರಿಷ್ಠ ವೇಗ. ಕೆಲವು ಡಿಕೋಡರಿನಲ್ಲಿ ಎಲ್ಲ ಗಲಿಬಿಲಿಯಾದರೆ ಸಿವಿ 8ಕ್ಕೆ 8 ಬರೆದರೆ ಮೊದಲಿನಂತಾಗುತ್ತದೆ. ಇದನ್ನೆಲ್ಲ ಬರೆಯುವುದು ಪ್ರತ್ಯೇಕವಾದ ಒಂದು ತುಂಡು ಹಳಿಯಲ್ಲಿ. ಅಲ್ಲಿ ಕರೆಂಟು ಕಡಿಮೆ. ಹಾಗಾಗಿ ಜೋಡಣೆ ತಪ್ಪಿದ್ದರೂ ಡಿಕೋಡರ್ ಸುಡುವ ಸಂಭವ ಕಡಿಮೆ. ಹೊಸ ಡಿಕೋಡರನ್ನು ಮೊದಲು ಇಡಬೇಕಾದ್ದು ಅಲ್ಲಿ, ನಾನು ಮಾಡಿದ ಹಾಗೆ ದೊಡ್ಡ ಹಳಿಯಲ್ಲಲ್ಲ. ಡಿಕೋಡರಿಗೆ ಬಾಯಿ ಇಲ್ಲವಲ್ಲ, ಆಜ್ಞೆ ಸಿಕ್ಕಿತು ಎಂದು ಹೇಳಲು ಮೋಟಾರನ್ನು 6 ಮಿಲಿಸೆಕೆಂಡು ಚಾಲೂ ಮಾಡಿ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. ನಿಮ್ಮ ಕಣ್ಣಿಗೆ ಕಾಣುವುದು ಇಂಜಿನ್ನು ತಲೆಯಾಡಿಸಿದಂತೆ ಸಣ್ಣಗೆ ನಡುಗುವುದು.

ಸಿವಿ 3ನ್ನು ಧೈರ್ಯವಾಗಿ ಹೆಚ್ಚಿಸಿ. ಸಾವಿರಾರು ಟನ್ ಎಳೆಯುವ ಇಂಜಿನ್ನು ಜಿಂಕೆಯ ಹಾಗೆ ನೆಗೆಯಬಾರದು. ಗರಿಷ್ಠ ವೇಗವೂ ಲೆಕ್ಕಕ್ಕೆ ಬರಬೇಕು. ನಿಜದ 100 ಕಿಲೋಮೀಟರ್ ವೇಗ ಎಚ್‌ಒ ಅಳತೆಯಲ್ಲಿ ಸೆಕೆಂಡಿಗೆ 32 ಸೆಂಟಿಮೀಟರ್. ಗಡಿಯಾರ, ಅಳತೆ ಟೇಪು ಹಿಡಿದು ನೋಡಿದರೆ ನನ್ನದು ಅದರ ದುಪ್ಪಟ್ಟಿಗಿಂತ ಜಾಸ್ತಿ ಓಡುತ್ತಿತ್ತು.

ದುಡ್ಡಿನ ಪ್ರಶ್ನೆ ಬರುತ್ತದೆ. ಕಮಾಂಡ್ ಸ್ಟೇಷನ್ನು ತರಿಸಲೇಬೇಕೆಂದಿಲ್ಲ. ಆರ್ಡುಯಿನೋ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಮೇಲೊಂದು ಮೋಟಾರ್ ಶೀಲ್ಡು, ಡಿಸಿಸಿ-ಇಎಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ವೈಫೈ ಸೇರಿಸಿದರೆ ಫೋನೇ ಹಿಡಿಕೆಯಾಗುತ್ತದೆ. ಡಿಪ್ಲೊಮಾ ಓದುವ ಮಕ್ಕಳಿದ್ದರೆ ಒಂದು ಭಾನುವಾರದ ಕೆಲಸ.

ನಮ್ಮ ಊರಿಗೆ ಬೇಕಾದ ಒಂದು ಮಾತು ಮಳೆಯದು. ಜೂನ್ ಬಂತೆಂದರೆ ಉಪ್ಪುಗಾಳಿ, ಪಸೆ. ಹಳಿ ನಿಕಲ್ ಸಿಲ್ವರ್. ಬೆಳ್ಳಿ ಇರುವುದು ಹೆಸರಲ್ಲಿ ಮಾತ್ರ, ಒಳಗೆ ತಾಮ್ರ, ನಿಕಲ್, ಸತು. ಅದರ ಮೇಲೆ ಕಪ್ಪು ಕೂರುತ್ತದೆ. ಡಿಸಿ ಇಂಜಿನ್ನು ಒಂದು ಕ್ಷಣ ಕರೆಂಟು ತಪ್ಪಿದರೆ ಸ್ವಲ್ಪ ಮುಗ್ಗರಿಸಿ ಹೋಗುತ್ತದೆ. ಡಿಸಿಸಿ ಇಂಜಿನ್ನಿಗೆ ಅದು ಪ್ರಜ್ಞೆ ತಪ್ಪಿದ ಹಾಗೆ. ಸದ್ದು ನಿಂತು ಮೊದಲಿಂದ ಚಾಲೂ ಆಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ನೆನೆಸಿ ಒರೆಸಿ. ಮರಳು ಕಾಗದ ಬೇಡ, ಗೀರಿನಲ್ಲಿ ಇನ್ನಷ್ಟು ಕೊಳೆ ಕೂರುತ್ತದೆ. ಒಳಗೆ ಜಾಗವಿದ್ದರೆ ಕೀಪ್ ಅಲೈವ್ ಎಂಬ ಕೆಪಾಸಿಟರ್ ಹಾಕಿ. ಒಂದೆರಡು ಕ್ಷಣದ ಕರೆಂಟು ಅದರಲ್ಲಿ ಬುತ್ತಿ ಕಟ್ಟಿಕೊಂಡಿರುತ್ತದೆ.

ಹಳಿಯ ವಯರಿಂಗ್ ಸರಿಯಿದೆಯೇ ಎಂದು ನೋಡಲು 5 ರೂಪಾಯಿ ನಾಣ್ಯ ಸಾಕು. ಸ್ಟೇಷನ್ನಿನಿಂದ ಅತಿ ದೂರದ ಮೂಲೆಯಲ್ಲಿ ಎರಡು ಹಳಿಗೆ ಅಡ್ಡ ಇಡಿ. ಸ್ಟೇಷನ್ನು ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ವಯರ್ ತೆಳ್ಳಗಿದೆ. ನಾಳೆ ರೈಲು ಹಳಿ ತಪ್ಪಿ ಶಾರ್ಟ್ ಆದಾಗ ಚಕ್ರ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ.

ಕೊನೆಗೆ ವಾಲ್ಯೂಮ್. ಕಂಪನಿಯಿಂದ ಬಂದದ್ದು ಜಾತ್ರೆಯ ಮೈಕಿನಷ್ಟು ಜೋರು. ಯೋಚನೆ ಮಾಡಿ: 1:87ರ ಇಂಜಿನ್ನನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜದ ರೈಲನ್ನು 87 ಮೀಟರ್ ದೂರದಿಂದ ನೋಡಿದ ಹಾಗೆ. ಸದ್ದೂ ಅಷ್ಟೇ ದೂರದಿಂದ ಬಂದಂತಿರಬೇಕು. ನಾನು ಮೇಜಿನ ಪಕ್ಕ ಕೂತು ಹದ ಮಾಡಲಿಲ್ಲ. ಅಕ್ಕನ ಮಗನನ್ನು ಮೇಲೆ ಕೂರಿಸಿ, ಕೆಳಗೆ ಚಾವಡಿಯಲ್ಲಿ ಚಾಪೆ ಹಾಕಿ ಮಲಗಿ, "ಇನ್ನೂ ಸ್ವಲ್ಪ ಕಮ್ಮಿ ಮಾಡು... ಇನ್ನೂ ಸ್ವಲ್ಪ..." ಎನ್ನುತ್ತಾ ಹೋದೆ. ಗುಡ್ಡೆಯ ಆಚೆಯಿಂದ ಬಂದ ಹಾಗೆ ಕೇಳಿದಾಗ ನಿಲ್ಲಿಸೆಂದೆ.